ಬಾಡಿದ ಜೋಳ, ಉತ್ತ ಗೋಮಾಳ

ಜೋಳದ ಪೈರು ದನಕ್ಕೆ ವಿಷವಾದೀತು ಎಂಬುದು ಹಿರಿಯೂರು ಸೀಮೆಯಲ್ಲಿ ದನ ಕಟ್ಟಿದವರಿಗೆಲ್ಲ ಗೊತ್ತು. ಎಳೆ ಪೈರು, ಮಳೆಯಿಲ್ಲದೆ ಬಾಡಿ ಮುರುಟಿದ ಪೈರು, ಕೊಯ್ದ ಮೇಲೆ ಒಡೆದ ಕೂಳೆ ಚಿಗುರು, ಈ ಮೂರರ ಹತ್ತಿರವೂ ದನ ಸುಳಿಯಬಾರದು ಅಂತ ನಮ್ಮಪ್ಪ ಹೇಳುತ್ತಲೇ ಇದ್ದರು. ಇಷ್ಟೆಲ್ಲ ಗೊತ್ತಿದ್ದ ಮನೆಯ ಎರಡು ಹಸುಗಳು 2023ರ ಬರದಲ್ಲಿ ಜೋಳದ ಹೊಲದಲ್ಲೇ ಬಿದ್ದು ಸತ್ತವು. ಯಾಕೆ ಸತ್ತವು ಅಂತ ಹೇಳಬೇಕಾದರೆ ನಮ್ಮೂರ ಗೋಮಾಳದ ಕಥೆ ಹೇಳಬೇಕು.

ಐಮಂಗಲ ಹೋಬಳಿಯ ನಮ್ಮೂರಿನ ಹಿಂದೆ ಗುಡ್ಡದ ತಪ್ಪಲಿನವರೆಗೂ ಗೋಮಾಳ. ಮುಂಗಾರಿನ ಎರಡು ಹದ ಮಳೆ ಬಿದ್ದರೆ ಕರಡ ಮೊಣಕಾಲುದ್ದ ಬೆಳೆಯುತ್ತಿತ್ತು. ಅದನ್ನು ಮೊದಲು ಉತ್ತದ್ದು ನನ್ನ ಸ್ವಂತ ಚಿಕ್ಕಪ್ಪ. ನಮೂನೆ 57ರಲ್ಲಿ ಬಗರ್‌ಹುಕುಂ ಅರ್ಜಿ ಹಾಕಿದ್ದರು. ಅದಕ್ಕೆ ಸಾಗುವಳಿ ಗುರುತು ಬೇಕಿತ್ತು, ಬಾಡಿಗೆ ಟ್ರ್ಯಾಕ್ಟರ್ ತಂದರು. ತಡೆಯಲು ಹೋದಾಗ, "ಎಲ್ಲಾರೂ ಹಾಕವ್ರೆ, ನಾವ್ ಬಿಟ್ರೆ ನಮ್ ಪಾಲೂ ಅವರಿಗೇ ಹೋಗ್ತದೆ ಕಣಪ್ಪ" ಅಂದರು. ಅವರನ್ನು ನೋಡಿ ಮತ್ತೊಬ್ಬರು, ಅವರ ಪಕ್ಕ ಇನ್ನೊಬ್ಬರು. ಕರಡದ ಬುಡ ಕಿತ್ತುಹೋದ ಜಾಗದಲ್ಲಿ ಮರುವರ್ಷ ಎದ್ದದ್ದು ಪಾರ್ಥೇನಿಯಂ. ಕಟ್ಟೆಗೆ ನೀರಿಗೆ ಹೋಗುವ ದನದ ದಾರಿಗೂ ಬಳ್ಳಾರಿ ಜಾಲಿ ಮುಳ್ಳು ಬಿತ್ತು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತು. ಆಗಸ್ಟ್ ಪೂರ್ತಿ ಮೋಡ ಬಂತು, ಮಳೆ ಬರಲಿಲ್ಲ. ಮುಂಗಾರಿ ಜೋಳ ಮೊಳಕಾಲಿಗೆ ನಿಂತು ಮುರುಟಿತ್ತು. ಹುಬ್ಬೆ ಮಳೆ ನಾಲ್ಕು ಹನಿ ಹಾಕಿದ್ದೇ ತಡ, ಬುಡದಿಂದ ಹಸಿರು ಚಿಗುರು ಒಡೆಯಿತು. ಗೋಮಾಳದ ದಾರಿ ಮುಚ್ಚಿದ್ದರಿಂದ ದನಗಳು ಕಟ್ಟೆಗೆ ಹೋಗಬೇಕೆಂದರೆ ಎರಡು ಜೋಳದ ಹೊಲಗಳ ನಡುವಿನ ಬದುವೇ ಗತಿ. ಹೊಟ್ಟೆ ಬೆನ್ನಿಗಂಟಿದ ದನ ಬದುವಿನ ಮೇಲೆ ಸಾಲಾಗಿ ನಡೆಯುತ್ತದೆಯೇ? ಹೊಡೆದುಕೊಂಡು ಹೋಗಿದ್ದ ತಮ್ಮ ಮುಂದಿನ ನಾಲ್ಕನ್ನು ತಿರುಗಿಸುವಷ್ಟರಲ್ಲಿ ಹಿಂದಿನವು ಹೊಲಕ್ಕೆ ಬಾಯಿ ಹಾಕಿದ್ದವು.

ಅವನ ಫೋನಿಗೆ ಬೈಕ್ ಹತ್ತಿ ಹೋದೆ. ನಮ್ಮ ಹಸು ಕೆಂಪಿ ಇನ್ನೂ ನಿಂತಿದ್ದಳು. ಬಾಯಿ ತೆರೆದು ಏದುಸಿರು, ಮೂತಿಯಿಂದ ದಾರದಂತೆ ಜೊಲ್ಲು. ಹಿಂಗಾಲು ನಡುಗುತ್ತಿತ್ತು. ಹೆಗಲು ಕೊಟ್ಟು ನಿಲ್ಲಿಸಲು ನೋಡಿದೆ, ನನ್ನನ್ನೂ ಒತ್ತಿಕೊಂಡೇ ಮಗ್ಗುಲಿಗೆ ಬಿದ್ದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆಲ್ಲ ಕೆಂಪು, ಕಡುಗೆಂಪು. ಯಾರೋ ಬೆಲ್ಲದ ನೀರು ಕದಡಿ ಗೊಟ್ಟ ತಂದರು. ಹಾಕಿದ್ದು ಗಂಟಲಿಗೆ ಇಳಿಯದೆ ಕಟಬಾಯಿಯಲ್ಲೇ ಹರಿದು ಮಣ್ಣಿಗೆ ಹೋಯಿತು. ನಾಲ್ಕೂ ಕಾಲು ಒದ್ದಾಡಿ, ಕತ್ತು ಹಿಂದಕ್ಕೆ ಸೆಟೆದು, ಉಸಿರು ನಿಂತುಹೋಯಿತು. ಆ ಹೊತ್ತಿಗೆ ಗಬ್ಬದ ಹಸು ಆಚೆ ಬದುವಿನಲ್ಲಿ ಮಂಡಿ ಊರಿತ್ತು. ಕೆಂಪಿಯನ್ನು ಬಿಟ್ಟು ಅದರ ಹತ್ತಿರ ಓಡಬೇಕಾಯಿತು. ಅದೂ ಉಳಿಯಲಿಲ್ಲ. ಹೊಟ್ಟೆಯೊಳಗಿನ ಕರು ಒಂದಷ್ಟು ಹೊತ್ತು ಮಿಸುಕಿದ್ದು ನನ್ನ ಅಂಗೈಗೆ ತಿಳಿಯುತ್ತಿತ್ತು.

ಪಶುವೈದ್ಯರು ಬೇರೆ ಊರಿನಲ್ಲಿದ್ದರು. ಬಂದವರೇ ಜೋಳ ತಿಂದು ಬಿದ್ದಿದ್ದ ಮೂರನೆಯ ಹಸುವಿನ ಕುತ್ತಿಗೆಯ ನರ ಹಿಡಿದು ಸೋಡಿಯಂ ನೈಟ್ರೈಟ್, ಆಮೇಲೆ ಸೋಡಿಯಂ ಥಯೋಸಲ್ಫೇಟ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಅದು ಎದ್ದು ನಿಂತಿತು. ಬಾಡಿದ ಜೋಳದಲ್ಲಿ ಹೆಚ್ಚುವುದು ಸೈನೇಡ್ ಅಂಶವಂತೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ಮೈ ಅದನ್ನು ಬಳಸಲಾರದು, ಕಣ್ಣು ಕೆಂಪಾಗಿದ್ದು ಅದಕ್ಕೇ.

ಮಾರನೆಯ ದಿನ ಮಹಜರಿಗೆ ಬಂದ ಅಧಿಕಾರಿ, "ಕಂಡವರ ಹೊಲಕ್ಕೆ ದನ ನುಗ್ಗಿಸಿದರೆ ಇನ್ನೇನಾಗ್ತದೆ" ಅಂದರು. ಗೋಮಾಳ ತೆರವಿಗೆ ನಾವು ಕೊಟ್ಟಿದ್ದ ಅರ್ಜಿ ಅವರ ಕಚೇರಿಯಲ್ಲೇ ಇತ್ತು! ಭೂಕಂದಾಯ ನಿಯಮ 97ರ ಪ್ರಕಾರ ಪ್ರತಿ 100 ಜಾನುವಾರಿಗೆ 30 ಎಕರೆ ಗೋಮಾಳ ಉಳಿಸಬೇಕು. ಆದರೆ ನಮ್ಮೂರಲ್ಲಿ ದನ ಕಡಿಮೆ, ಗೋಮಾಳ ಹೆಚ್ಚುವರಿ ಅಂತ ಕಡತದಲ್ಲಿ ಬರೆದಿದ್ದರು. ಯಾವ ಕೊಟ್ಟಿಗೆಗೆ ಬಂದು ಎಣಿಸಿದ್ದರು? ಕೂತಲ್ಲೇ ಬರೆದ ಆ ಒಂದು ಸಾಲಿನಿಂದ ಉಳುಮೆ ಮಾಡಿದವರಿಗೆಲ್ಲ ಧೈರ್ಯ ಬಂತು. ನನ್ನ ಹಸುಗಳನ್ನು ಕೊಂದ ಪಾಲು ಆ ಸಾಲಿಗೂ ಇದೆ ಅಂತ ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ.

ಮೇವಿನ ನೆಲ ಎಂದರೆ ಖಾಲಿ ನೆಲ ಎಂಬ ಭಾವನೆ ಮೇಲಿನವರೆಗೂ ಇದೆ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಕಡೆ ಅಮೃತಮಹಲ್ ಕಾವಲುಗಳ ಸುಮಾರು 10 ಸಾವಿರ ಎಕರೆ ರಕ್ಷಣಾ, ಅಣು, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುರಿಗಾಹಿಗಳು, ದನಗಾಹಿಗಳು ಹಸಿರು ನ್ಯಾಯಮಂಡಳಿಯವರೆಗೂ ಹೋಗಬೇಕಾಯಿತು. ಟಿಪ್ಪುವಿನ ಕಾಲದಿಂದ ಅಮೃತಮಹಲ್ ಅಂತ ಹೆಸರಾದ ರಾಸುಗಳ ಹುಲ್ಲುಗಾವಲಿಗೇ ಈ ಗತಿಯಾದರೆ ನಮ್ಮೂರ ಗೋಮಾಳವನ್ನು ಕೇಳುವವರು ಯಾರು?

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ದನ ಸಾಕುವವರಿಗೆ ನನ್ನ ಮಾತು ಇಷ್ಟು. ಬರದ ವರ್ಷ ಬೆಳಗ್ಗೆ ಒಂದು ಹಿಡಿ ಒಣಹುಲ್ಲು ತಿನ್ನಿಸದೆ ಹಟ್ಟಿಯಿಂದ ದನ ಬಿಡಬೇಡಿ. ಹಸಿದ ದನ ಯಾವ ಪೈರೆಂದು ನೋಡುವುದಿಲ್ಲ. ಜೋಳ ತಿಂದು ಏದುಸಿರು ಬಿಡುವ ದನಕ್ಕೆ ಗೊಟ್ಟ ಹಾಕುತ್ತಾ ಕೂರಬೇಡಿ, ನೀರು ಶ್ವಾಸಕೋಶಕ್ಕೆ ಹೋದೀತು, ಮೊದಲು ವೈದ್ಯರಿಗೆ ಫೋನ್ ಮಾಡಿ. ಗೋಮಾಳ ಉಳಿದಿರುವ ಊರಿನವರು ಅದನ್ನು ಎರಡು ಪಾಲು ಮಾಡಿ, ಹುಲ್ಲು ಬೀಜ ಉದುರಿಸುವವರೆಗೆ ಒಂದು ಪಾಲಿಗೆ ದನ ಬಿಡದಿರಿ, ಮುಂದಿನ ವರ್ಷ ಪಾಲು ಬದಲಿಸಿ. ಜಾನುವಾರು ಗಣತಿಯವರು ಬಂದಾಗ ದೃಷ್ಟಿಯಾಗುತ್ತದೆ ಅಂತ ಮುಚ್ಚಿಡದೆ ಇದ್ದಷ್ಟನ್ನೂ ಬರೆಸಿ. ಗೋಮಾಳದ ಸರ್ವೆ ನಂಬರಿನ ಪಹಣಿ ತೆಗೆಸಿ, ಗ್ರಾಮಸಭೆಯಲ್ಲಿ ನಡಾವಳಿ ಮಾಡಿಸಿ. ಒತ್ತುವರಿಯಾದ ಸಮುದಾಯದ ಜಮೀನು ತೆರವು ಮಾಡಿಸಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಎಲ್ಲ ರಾಜ್ಯಗಳಿಗೂ ಹೇಳಿದೆ, ಆ ತೀರ್ಪಿನ ಪ್ರತಿಯನ್ನೂ ಅರ್ಜಿಗೆ ಲಗತ್ತಿಸಿ.

ಮೊದಲ ಟ್ರ್ಯಾಕ್ಟರ್ ಗೋಮಾಳಕ್ಕೆ ಇಳಿದ ದಿನವೇ ಊರೆಲ್ಲ ಹೋಗಿ ಅಡ್ಡ ನಿಲ್ಲಿ. ಚಾಲಕ ನಿಮ್ಮ ಚಿಕ್ಕಪ್ಪನೇ ಆಗಿದ್ದರೂ ನಿಲ್ಲಿ.