ಕದ್ದ ಕಾರ್ಡುಗಳ ಪರೀಕ್ಷೆ: ಸ್ವರೂಪ ಮತ್ತು ನಿವಾರಣೋಪಾಯ

ಅಂತರ್ಜಾಲದಲ್ಲಿ ಅಂಗಡಿಯನ್ನು ನಡೆಸುವವರಿಗೂ ದಾನ ಸ್ವೀಕರಿಸುವ ಧರ್ಮಸಂಸ್ಥೆಗಳಿಗೂ ಒದಗಿರುವ ಉಪದ್ರವಗಳಲ್ಲಿ ‘ಕಾರ್ಡ್ ಟೆಸ್ಟಿಂಗ್’ ಎಂಬುದೊಂದು. ಕದ್ದ ಅಥವಾ ಊಹಿಸಿದ ಬ್ಯಾಂಕ್ ಕಾರ್ಡುಗಳಲ್ಲಿ ಯಾವುದು ಇನ್ನೂ ಚಲಾವಣೆಯಲ್ಲಿದೆಯೆಂದು ಪರರ ಅಂಗಡಿಯಲ್ಲಿ ಅಲ್ಪಮೊತ್ತವನ್ನು ಪಾವತಿಮಾಡಿ ಒರೆಹಚ್ಚಿ ನೋಡುವುದೇ ಇದರ ಸ್ವರೂಪ. ಚೋರನಿಗೆ ಅಲ್ಲಿಯ ಸರಕು ಬೇಕಿಲ್ಲ. ಬ್ಯಾಂಕು ಕೊಡುವ ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರವಷ್ಟೇ ಬೇಕು. ಈ ಪ್ರಶ್ನೆಯನ್ನು ಗಣಕಯಂತ್ರವು ದಣಿವಿಲ್ಲದೆ ಸಾವಿರಾರು ಬಾರಿ ಕೇಳಬಲ್ಲದು.

ಇದು ಹೇಗೆ ಸಾಧ್ಯವೆಂಬುದು ವಿಚಾರಣೀಯ. ಕಾರ್ಡಿನ ಸಂಖ್ಯೆಯಲ್ಲಿ ಸಾಮಾನ್ಯವಾಗಿ 16 ಅಂಕಿಗಳಿರುತ್ತವೆ. ಮೊದಲ 6 ಅಥವಾ 8 ಅಂಕಿಗಳು ಕಾರ್ಡನ್ನು ಕೊಟ್ಟ ಬ್ಯಾಂಕನ್ನು ಸೂಚಿಸುತ್ತವೆ. ಕೊನೆಯದು ತಾಳೆಯ ಅಂಕಿ. ಐ.ಬಿ.ಎಂ. ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ಅವರು 1954ರಲ್ಲಿ ಅರ್ಜಿ ಸಲ್ಲಿಸಿ 1960ರಲ್ಲಿ ಪೇಟೆಂಟ್ ಪಡೆದ ಸೂತ್ರವೇ ಇದಕ್ಕೆ ಆಧಾರ. ಬಲದಿಂದ ಎರಡನೆಯ ಅಂಕಿಯಿಂದ ತೊಡಗಿ ಒಂದು ಬಿಟ್ಟು ಒಂದನ್ನು ಇಮ್ಮಡಿಸಬೇಕು; ಫಲವು 9ನ್ನು ಮೀರಿದರೆ 9ನ್ನು ಕಳೆಯಬೇಕು; ಎಲ್ಲವನ್ನೂ ಕೂಡಿದ ಮೊತ್ತ 10ರಿಂದ ನಿಶ್ಶೇಷವಾಗಿ ಭಾಗವಾದರೆ ಸಂಖ್ಯೆ ಶುದ್ಧ. ಆದರೆ ಈ ಸೂತ್ರ ಬರೆಹದ ಕೈತಪ್ಪನ್ನು ಹಿಡಿಯಲು ಹುಟ್ಟಿತೇ ಹೊರತು ಕಳ್ಳನನ್ನು ಹಿಡಿಯಲು ಅಲ್ಲ. ವ್ಯಾಕರಣಶುದ್ಧವಾದ ವಾಕ್ಯವೆಲ್ಲ ಸತ್ಯವಾಕ್ಯವಾಗದಂತೆ, ಗಣಿತಶುದ್ಧವಾದ ಸಂಖ್ಯೆಯೆಲ್ಲ ಜೀವಂತ ಕಾರ್ಡಲ್ಲ. ಅದನ್ನು ತಿಳಿಯುವುದಕ್ಕಾಗಿಯೇ ಈ ಪರೀಕ್ಷೆ.

ಹಾನಿಯಾದರೋ ಅಂಗಡಿಯವನಿಗೆ. ಪ್ರತಿ ಪ್ರಯತ್ನಕ್ಕೂ ಶುಲ್ಕ ತಗಲಬಹುದು. ಕಾರ್ಡಿನ ಒಡೆಯನು ದೂರಿತ್ತರೆ ಹಣವನ್ನು ಮರಳಿಸಿ ದಂಡವನ್ನೂ ತೆರಬೇಕಾಗಬಹುದು. ದಾನದ ಪುಟಗಳಲ್ಲಿ ಸರಕಿಲ್ಲ, ವಿಳಾಸದ ಅಗತ್ಯವಿಲ್ಲ, ಎಷ್ಟು ಸಣ್ಣ ಮೊತ್ತವಾದರೂ ಸಲ್ಲುತ್ತದೆ. ಆದಕಾರಣ ಚೋರರಿಗೆ ಅವು ಬಹು ಪ್ರಿಯ.

ನಿವಾರಣೋಪಾಯಗಳು ಹಲವು. ಒಂದೇ ಮೂಲದಿಂದ ಬರುವ ಪ್ರಯತ್ನಗಳಿಗೆ ಮಿತಿ ಹಾಕುವುದು, ಬಂದವನು ಮನುಷ್ಯನೋ ಯಂತ್ರವೋ ಎಂದು ‘ಕ್ಯಾಪ್ಚಾ’ದಿಂದ ಅರಿಯುವುದು, ಕಾರ್ಡಿನ ಗುಪ್ತಸಂಖ್ಯೆಯನ್ನು ಕೇಳುವುದು, ದಾನಕ್ಕೆ ಕನಿಷ್ಠ ಮೊತ್ತವನ್ನು ಗೊತ್ತುಮಾಡುವುದು, ನಿರಾಕರಣೆಯ ಕಾರಣವನ್ನು ಬಿಡಿಸಿ ಹೇಳದಿರುವುದು, ಸಂಶಯಾಸ್ಪದ ಹಣವನ್ನು ದೂರು ಬರುವ ಮೊದಲೇ ಹಿಂದಿರುಗಿಸುವುದು. ಇವುಗಳಲ್ಲಿ ಒಂದೊಂದೂ ಒಂಟಿಯಾಗಿ ದುರ್ಬಲ, ಕೂಡಿದಾಗ ಪ್ರಬಲ.

ಭಾರತದ ಕಾರ್ಡುಗಳಿಗೆ ಅಂತರ್ಜಾಲ ಪಾವತಿಯಲ್ಲಿ ಎರಡನೆಯ ದೃಢೀಕರಣವನ್ನು ರಿಸರ್ವ್ ಬ್ಯಾಂಕು 2009ರಲ್ಲಿಯೇ ಕಡ್ಡಾಯಗೊಳಿಸಿತು. ಮೊಬೈಲಿಗೆ ಬರುವ ಒ.ಟಿ.ಪಿ. ಅದರ ಪರಿಚಿತ ರೂಪ. ಆ ನಿಯಮ ಪರದೇಶದ ಬ್ಯಾಂಕುಗಳ ಕಾರ್ಡುಗಳನ್ನು ಕಟ್ಟಿಹಾಕುವುದಿಲ್ಲ. ಹೊರನಾಡಿನ ಹಳೆಯ ವಿದ್ಯಾರ್ಥಿಗಳಿಂದ ಕಾಣಿಕೆ ಪಡೆಯುವ ಸಂಸ್ಥೆಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಹಾಗೆಂದು ಕಾವಲು ಅತಿಯಾಗಿ ನಿಜವಾದ ದಾನಿಯೇ ಬಾಗಿಲಿನಿಂದ ಮರಳುವಂತಾಗಬಾರದು. ಕಳ್ಳನನ್ನು ತಡೆದು ದಾನಿಯನ್ನು ಬರಮಾಡಿಕೊಳ್ಳುವ ವಿವೇಕವೇ ಇಲ್ಲಿ ಅವಶ್ಯವಾದುದು.