ಟೊಮೇಟೋ ಗಿಡದ ರೋಗಗಳನ್ನು ಗುರುತಿಸುವ ಬಗೆ

ವಿರಾಜಪೇಟೆಯಿಂದ ಘಟ್ಟವಿಳಿದು ಇರಿಟ್ಟಿಗೆ ಹೋಗುವ ದಾರಿಯಲ್ಲಿರುವ ನಮ್ಮ ಮಾಕುಟ್ಟವು ಬಹು ಮಳೆಯ ಸ್ಥಳವು. ಇಲ್ಲಿ ಹಿತ್ತಲಲ್ಲಿ ಟೊಮೇಟೋ, ಅಂದರೆ ಗಡಿಯಾಚೆಯವರು ತಕ್ಕಾಳಿ ಎನ್ನುವ ಗಿಡವನ್ನು ನೆಟ್ಟವರು, ಅದು ಬಾಡಿದ ಕೂಡಲೆ ರೋಗ ಯಾವದೆಂದು ವಿಚಾರಿಸದೆ ಅಂಗಡಿಯಿಂದ ಯಾವದಾದರೊಂದು ಔಷಧವನ್ನು ತಂದು ಸಿಂಪಡಿಸುವದುಂಟು. ನಾನೂ ಹಾಗೆಯೇ ಮಾಡಿದವನು. ಅದರಿಂದ ನನ್ನ ಗಿಡಗಳು ಉಳಿಯಲಿಲ್ಲ. ನೆರೆಮನೆಯ ವಿಧವೆಯಾದ ಅಕ್ಕನ ಬದನೆ ಸಾಲೂ ಹಾಳಾಯಿತು. ಅದು ಹೇಗಾಯಿತೆಂಬದನ್ನು ಮುಂದೆ ಹೇಳುವೆನು.

ಮೊದಲು ಅಂಗಮಾರಿ ರೋಗವನ್ನು ನೋಡೋಣ. ಚಳಿ, ಮೋಡ, ಜಿನುಗುಮಳೆ ಇವು ಕೂಡಿದಾಗ ಎಲೆಯಲ್ಲಿ ನೀರಿನಲ್ಲಿ ನೆನೆದ ಹಾಗಿರುವ ಕಪ್ಪು ಮಚ್ಚೆಗಳು ಹುಟ್ಟುತ್ತವೆ. ಬೆಳಿಗ್ಗೆ ಎಲೆಯನ್ನು ಮಗುಚಿ ನೋಡಿದರೆ ಮಚ್ಚೆಯ ಅಂಚಿನಲ್ಲಿ ಬಿಳಿ ಬೂಷ್ಟು ಕಾಣುವದು. ಕಾಂಡ ಕಪ್ಪಾಗುವದು, ಕಾಯಿ ಕಂದಾಗಿ ಗಡುಸಾಗುವದು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯನ್ನು ನಾಶಮಾಡಿ ಘೋರ ಕ್ಷಾಮವನ್ನು ತಂದ ರೋಗವು ಇದೇ. ನಮ್ಮ ಅಡಿಕೆಯ ಕೊಳೆರೋಗವೂ ಕರಿಮೆಣಸಿನ ಶೀಘ್ರ ಸೊರಗು ರೋಗವೂ ಇದರ ದಾಯಾದಿಗಳು.

ಇದಕ್ಕೆ ಬೋರ್ಡೋ ದ್ರಾವಣವು ಒಳ್ಳೆಯದು. ಫ್ರಾನ್ಸಿನ ಮಿಲಾರ್ಡೆ ಎಂಬ ಪಂಡಿತರು 1885ರಲ್ಲಿ ಇದನ್ನು ದ್ರಾಕ್ಷೆಗಾಗಿ ಪ್ರಸಿದ್ಧಪಡಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬವರು ಅಡಿಕೆಯ ಕೊಳೆರೋಗವನ್ನು ಪರೀಕ್ಷಿಸಿ, ಇದನ್ನೇ ನಮ್ಮ ಮಲೆನಾಡಿನ ತೋಟಗಳಿಗೆ ತಂದರು. ಹಿತ್ತಲಿಗೆ ಹತ್ತು ಲೀಟರು ಸಾಕು. 100 ಗ್ರಾಂ ಮೈಲುತುತ್ತವನ್ನು 5 ಲೀಟರು ನೀರಿನಲ್ಲಿಯೂ 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನು 5 ಲೀಟರಿನಲ್ಲಿಯೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕತಕ್ಕದ್ದು. ಕಬ್ಬಿಣದ ಪಾತ್ರೆ ಬೇಡ. ಮಣ್ಣಿನದು ಇಲ್ಲವೆ ಪ್ಲಾಸ್ಟಿಕಿನದು ಆಗಬಹುದು. ಉಜ್ಜಿದ ಚೂರಿಯನ್ನು ಅದರಲ್ಲಿ ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಕಡಿಮೆಯಾಯಿತೆಂದು ತಿಳಿದು ಇನ್ನಷ್ಟು ಬೆರಸಬೇಕು. ಮಾಡಿದ ದಿವಸವೇ ಮುಗಿಸಬೇಕು. ಮೂಗುಬಾಯಿ ಕಟ್ಟಿಕೊಂಡು, ಮಕ್ಕಳನ್ನು ದೂರವಿಟ್ಟು ಸಿಂಪಡಿಸಬೇಕು. ರೋಗ ತಗಲುವದಕ್ಕೆ ಮುಂಚೆ ಹೊಡೆದರೆ ಪ್ರಯೋಜನ. ಕಪ್ಪಾದ ಎಲೆಯನ್ನು ಇದು ಹಸುರು ಮಾಡುವದಿಲ್ಲ.

ಕೆಳಗಿನ ಮುದಿ ಎಲೆಗಳಲ್ಲಿ ಉಂಗುರದೊಳಗೆ ಉಂಗುರವಿಟ್ಟಂಥ ಕಂದು ಚುಕ್ಕೆಗಳಿದ್ದರೆ ಅದು ಬೇರೆ ಅಂಗಮಾರಿ. ಆ ಎಲೆಗಳನ್ನು ಕಿತ್ತು ಸುಟ್ಟು, ಇದೇ ದ್ರಾವಣವನ್ನು ಹೊಡೆಯಬಹುದು. ಬೇಸಗೆಯಲ್ಲಿ ಎಲೆ ಮುದುಡಿ ಗಿಡ ಕುಳ್ಳಾದರೆ ಬಿಳಿ ನೊಣ ತಂದ ವಿಷಾಣುವೇ ಕಾರಣ. ಅದಕ್ಕೆ ಔಷಧವಿಲ್ಲ, ಗಿಡವನ್ನು ಕಿತ್ತುಬಿಡಬೇಕು, ಮುಂದಿನ ಸಸಿಗಳನ್ನು ಸಣ್ಣ ಕಣ್ಣಿನ ಬಲೆಯ ಕೆಳಗೆ ಬೆಳಿಸಬೇಕು. ಕಾಯಿಯ ತುದಿ ಮಾತ್ರ ಕಪ್ಪಾಗಿ ಒಳಸೇರಿದರೆ ಅದು ಅಂಟುರೋಗವೇ ಅಲ್ಲ. ಒಂದು ದಿನ ನೀರು ಹೆಚ್ಚು, ಮತ್ತೊಂದು ದಿನ ಇಲ್ಲವೆಂಬಂತಾದಾಗ ಕಾಯಿಗೆ ಸುಣ್ಣದ ಅಂಶವು ಮುಟ್ಟದೆ ಹಾಗಾಗುವದು.

ಇನ್ನು ನನ್ನನ್ನು ಮೋಸಗೊಳಿಸಿದ ರೋಗದ ವಿಷಯ. ಕಾಯಿ ತುಂಬಿದ ಗಿಡವೊಂದು ಮಧ್ಯಾಹ್ನ ಹಸುರಾಗಿಯೇ ಬಾಡಿ, ಸಂಜೆಗೆ ಚೇತರಿಸಿಕೊಂಡಿತು. ಮೂರನೆಯ ದಿನ ಏಳಲಿಲ್ಲ. ಎಲೆಯಲ್ಲಿ ಮಚ್ಚೆಯಿಲ್ಲ, ಹಳದಿಯೂ ಇಲ್ಲ. ನಾನು ಎರಡು ಸಾರಿ ಬೋರ್ಡೋ ಹೊಡೆದೆನು. ಹಣ ಹೋಯಿತು, ಗಿಡಗಳೂ ಒಂದೊಂದಾಗಿ ಹೋದವು. ಬೇಸರದಿಂದ ಅವುಗಳನ್ನು ಕಿತ್ತು ಚರಂಡಿಗೆ ಎಸೆದೆನು. ಆ ಚರಂಡಿಯ ನೀರು ಕೆಳಗಿನ ಅಕ್ಕನ ಹಿತ್ತಲಿಗೆ ಹರಿಯುತ್ತದೆಂಬದು ನನಗೆ ತಿಳಿದೇ ಇತ್ತು. ಒಂದು ತಿಂಗಳೊಳಗೆ ಅವಳು ಸಂತೆಗಾಗಿ ಬೆಳಸಿದ ಬದನೆಯೆಲ್ಲಾ ಅದೇ ರೀತಿಯಲ್ಲಿ ಬಾಡಿತು.

ಇದು ದುಂಡಾಣು ಸೊರಗು ರೋಗವು. ಇದರ ಪರೀಕ್ಷೆಗೆ ಕಾಸೂ ಬೇಡ. ಬಾಡಿದ ಗಿಡದ ಬುಡದಿಂದ ಒಂದು ಗೇಣು ಕಾಂಡವನ್ನು ಕೊಯ್ದು, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲ್ಲಾಡದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆಗಳು ಕೆಳಗಿಳಿದರೆ ಸಂದೇಹವಿಲ್ಲ. ಈ ರೋಗಾಣು ಬೇರಿನಿಂದ ಹೊಕ್ಕು ನೀರೇರುವ ನಾಳಗಳನ್ನೇ ಮುಚ್ಚುವದು. ಆದದರಿಂದ ಎಲೆಯ ಮೇಲೆ ಹೊಡೆದ ಔಷಧವು ಅದಕ್ಕೆ ಮುಟ್ಟುವದೇ ಇಲ್ಲ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ಹರಿಯುವ ನೀರು, ಗುದ್ದಲಿ, ಕಾಲಿನ ಕೆಸರು ಇವುಗಳಿಂದ ಹಬ್ಬುವದು. ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳಿಗೂ ತಗಲುವದು. ಶುಂಠಿಯು ಸೊರಗಿ ಸತ್ತ ನೆಲದಲ್ಲಿಯೂ ಟೊಮೇಟೋ ನೆಡುವದು ಕ್ಷೇಮವಲ್ಲ.

ಬಾಡಿದ ಗಿಡವನ್ನು ಬೇರುಮಣ್ಣಿನ ಸಮೇತ ಚೀಲದಲ್ಲಿ ತೆಗೆದು ಒಣಗಿಸಿ ಸುಡಬೇಕು, ಗುದ್ದಲಿಯನ್ನು ತೊಳೆಯಬೇಕು, ಆ ನೀರು ಯಾರ ಹಿತ್ತಲಿಗೂ ಹೋಗದಂತೆ ಒಡ್ಡು ಹಾಕಬೇಕು. ಕೆಲವು ವರ್ಷ ಆ ಜಾಗದಲ್ಲಿ ಭತ್ತ, ಮುಸುಕಿನ ಜೋಳ, ಅಲಸಂದೆ ಇಂಥವುಗಳನ್ನೇ ಹಾಕಬೇಕು. ತಿರಿಗಿ ಟೊಮೇಟೋ ನೆಡುವಾಗ ಈ ರೋಗವನ್ನು ತಾಳುವ ತಳಿಯನ್ನು ಕೇಳಿ ತರತಕ್ಕದ್ದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಅರ್ಕಾ ಅಭಾ ಎಂಬವೂ ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ಎಂಬವೂ ಅಂಥವು. ಕಾಡುಸುಂಡೆಯ ಬುಡಕ್ಕೆ ಕಸಿಕಟ್ಟಿದ ಸಸಿಗಳೂ ತಾಳುತ್ತವೆ.

ನಾನು ಅಕ್ಕನಿಗೆ ಲೋಟದ ಪರೀಕ್ಷೆಯನ್ನು ತೋರಿಸಿ, ತಪ್ಪು ನನ್ನದೆಂದು ಹೇಳಿ, ಅಲಸಂದೆಯ ಬೀಜವನ್ನು ಕೊಟ್ಟೆನು. ಅವಳು ಬೀಜವನ್ನು ತೆಗೆದುಕೊಂಡು, "ಚರಂಡಿಯನ್ನು ಯಾವಾಗ ತಿರುಗಿಸುತ್ತೀರಿ?" ಎಂದು ಕೇಳಿದಳು. ಆ ಶನಿವಾರವೇ ಅಗೆದು ತಿರುಗಿಸಿದೆನು.