ಪೆಟ್ಟಿಗೆಯ ಮೇಲೆ ಪೆಟ್ಟಿಗೆ: ಜೋಡಣೆಯ ಮನೆಯ ಭೌತಶಾಸ್ತ್ರ

ಗೋಡೆಗೆ ಎರಡು ಕರ್ತವ್ಯಗಳುಂಟು. ಮೇಲಿನ ಭಾರವನ್ನು ಹೊತ್ತು ನೆಲಕ್ಕೆ ಮುಟ್ಟಿಸುವುದು ಒಂದು. ಹೊರಗಿನ ಚಳಿಬಿಸಿಲುಗಳನ್ನು ತಡೆಯುವುದು ಇನ್ನೊಂದು. ಇಟ್ಟಿಗೆಯ ಗೋಡೆ ಇವೆರಡನ್ನೂ ತಾನೊಂದೇ ನಿರ್ವಹಿಸುತ್ತದೆ. ಕಾರ್ಖಾನೆಯಲ್ಲಿ ಮೊದಲೇ ಸಿದ್ಧಪಡಿಸಿದ ಕೋಣೆಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟುವ ಮನೆಗಳಲ್ಲಾದರೋ ಈ ಕೆಲಸಗಳನ್ನು ಬೇರೆಬೇರೆಯಾಗಿ ಹಂಚುವುದುಂಟು: ಭಾರವನ್ನು ಹೊರಲು ಉಕ್ಕಿನ ಚೌಕಟ್ಟು, ಶಾಖವನ್ನು ತಡೆಯಲು ಹಗುರವಾದ ಫಲಕ. ಈ ಹಂಚಿಕೆಯ ಲಾಭವೇನು, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬುದನ್ನು ಒಂದು ನಿಜವಾದ ಕಟ್ಟಡದ ಮೂಲಕ ವಿಚಾರಿಸೋಣ.

ಅಂಟಾರ್ಕ್ಟಿಕ ಖಂಡದ ಲಾರ್ಸ್‌ಮನ್ ಬೆಟ್ಟಗಳಲ್ಲಿ ನಮ್ಮ ದೇಶದ ಸಂಶೋಧನಾ ಕೇಂದ್ರವಾದ ‘ಭಾರತಿ’ 2012ರಲ್ಲಿ ಕಾರ್ಯಾರಂಭ ಮಾಡಿತು. ಅದಕ್ಕೂ ಮೊದಲು ಆ ಖಂಡದ ಇನ್ನೊಂದೆಡೆ ಮಂಜುಗಡ್ಡೆಯ ಮೇಲೆ ಕಟ್ಟಿದ್ದ ‘ದಕ್ಷಿಣ ಗಂಗೋತ್ರಿ’ ಹಿಮದಲ್ಲಿ ಹೂತುಹೋಗುತ್ತ ಬಂದುದರಿಂದ 1990ರಲ್ಲಿ ಅದನ್ನು ಕೈಬಿಡಬೇಕಾಯಿತು. ಭಾರತಿಯನ್ನು ಬಂಡೆಯ ನೆಲದಲ್ಲಿ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಅಡಿಯಲ್ಲಿ ನುಗ್ಗುವ ಗಾಳಿ ಹಿಮವನ್ನು ಗುಡ್ಡೆಗಟ್ಟಲು ಬಿಡದೆ ಸಾಗಿಸುತ್ತದೆ. ಕಟ್ಟಡದ ಒಡಲು ಹಡಗಿನಲ್ಲಿ ಸಾಗಿಸಬಲ್ಲ 134 ಕಂಟೇನರುಗಳಿಂದಾದುದು. ಅವುಗಳ ಸುತ್ತ ಉಷ್ಣರೋಧಕ ಫಲಕಗಳ ಹೊರಕವಚವಿದೆ.

ಅಲ್ಲಿ ಕಟ್ಟಡದ ಕೆಲಸಕ್ಕೆ ಸಿಕ್ಕುವುದು ಅಲ್ಪಕಾಲದ ಬೇಸಗೆ ಮಾತ್ರ. ಚಳಿಗಾಲವನ್ನು ಅಲ್ಲಿಯೇ ಕಳೆಯುವವರಿಗೆ ಹಡಗು ತಂದು ಇಳಿಸಿದ ಇಂಧನವೇ ಗತಿ. ಗೋಡೆಯಿಂದ ಸೋರುವ ಶಾಖವೆಲ್ಲವೂ ಆ ದಾಸ್ತಾನಿನಿಂದಲೇ ಕಳೆದುಹೋಗತಕ್ಕುದು.

ಭಾರದ ದಾರಿ

ಕಂಟೇನರಿನ ಬಲವಿರುವುದು ಅದರ ನಾಲ್ಕು ಮೂಲೆಗಂಬಗಳಲ್ಲಿ. ಮೂಲೆಯ ಮೇಲೆ ಮೂಲೆ ಬರುವಂತೆ ಪೇರಿಸಿದಾಗ ಭಾರವು ಕಂಬದಿಂದ ಕಂಬಕ್ಕಿಳಿದು ನೆಲವನ್ನು ಸೇರುತ್ತದೆ. ಮೇಲಿನ ಪೆಟ್ಟಿಗೆ ಅರ್ಧ ಪಕ್ಕಕ್ಕೆ ಸರಿದರೆ ಅದರ ಮೂಲೆ ಕೆಳಗಿನ ತೊಲೆಯ ನಡುವೆ ಕುಳಿತು ತೊಲೆಯನ್ನು ಬಾಗಿಸುತ್ತದೆ. ಆಗ ಅಲ್ಲಿ ಹೊಸದೊಂದು ಆಧಾರ ಬೇಕು.

ಪೇರಿಸುವುದರಿಂದ ಇನ್ನೊಂದು ಲಾಭವೂ ಉಂಟು. ಎಂಟು ಸಮಘನಗಳನ್ನು ಕಂಬಗಳ ಮೇಲೆ ಬಿಡಿಬಿಡಿಯಾಗಿ ಇಟ್ಟರೆ ಚಳಿಗೆ ತೆರೆದಿರುವ ಮುಖಗಳು 48. ಅವುಗಳನ್ನೇ ಎರಡೆರಡಾಗಿ ಉದ್ದ, ಅಗಲ, ಎತ್ತರಗಳಲ್ಲಿ ಜೋಡಿಸಿದರೆ ಹೊರಮುಖಗಳು 24 ಮಾತ್ರ. ಒಳಗಿನ ಜಾಗ ಅಷ್ಟೇ. ಶಾಖ ಸೋರುವ ಮೈ ಅರ್ಧವಾಯಿತು!

ಶಾಖದ ದಾರಿ

ಫಲಕವೆಂದರೆ ಲೋಹದ ಎರಡು ತೆಳುಹಾಳೆಗಳ ನಡುವೆ ಪಾಲಿಯುರೆಥೇನಿನಂಥ ನೊರೆಪದಾರ್ಥವನ್ನು ತುಂಬಿದ ಹಲಗೆ. ನೊರೆಯ ಸಣ್ಣ ಗೂಡುಗಳಲ್ಲಿ ಸೆರೆಸಿಕ್ಕಿದ ಅನಿಲ ಚಲಿಸಲಾರದು. ಆದಕಾರಣ ಶಾಖವನ್ನು ಹೊತ್ತೊಯ್ಯಲಾರದು. ಅಂಥ ನೊರೆಯ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು 0.025 ವಾಟ್, ಇಟ್ಟಿಗೆಯದು ಸುಮಾರು 0.7, ಉಕ್ಕಿನದು ಸುಮಾರು 50.

ಒಳಗೆ 20 ಡಿಗ್ರಿ ಸೆಲ್ಸಿಯಸ್, ಹೊರಗೆ ಸೊನ್ನೆಗಿಂತ 30 ಡಿಗ್ರಿ ಕಡಮೆ ಎಂದಿಟ್ಟುಕೊಳ್ಳೋಣ. ಅಂತರ 50 ಡಿಗ್ರಿ. ಫಲಕದ ದಪ್ಪ 20 ಸೆಂಟಿಮೀಟರ್ ಆಗಿರಲಿ. ವಾಹಕತೆಯನ್ನು ಅಂತರದಿಂದ ಗುಣಿಸಿ ದಪ್ಪದಿಂದ ಭಾಗಿಸಿದರೆ, ಒಂದು ಚದರ ಮೀಟರಿನ ಮೂಲಕ ಸೋರುವ ಶಾಖ 6.25 ವಾಟ್ ಎಂದಾಗುತ್ತದೆ. ಇಟ್ಟಿಗೆಯಿಂದ ಇದೇ ರಕ್ಷಣೆ ಪಡೆಯಬೇಕಾದರೆ ಗೋಡೆ 5.6 ಮೀಟರ್ ದಪ್ಪವಿರಬೇಕು. ಕೋಟೆಯ ಗೋಡೆಯಷ್ಟು ದಪ್ಪ!

ಕೀಲಿನ ಸಮಸ್ಯೆ

ಇನ್ನು ಬೆಲೆಯ ಮಾತು. ಫಲಕಗಳನ್ನು ಚೌಕಟ್ಟಿಗೆ ಬಿಗಿಯಲೇಬೇಕು. ಒಂದು ಚದರ ಸೆಂಟಿಮೀಟರ್ ಕೊಯ್ತದ ಉಕ್ಕಿನ ಬೋಲ್ಟು ಫಲಕದ ಒಳಮೈಯಿಂದ ಹೊರಮೈಗೆ ಹಾಯ್ದಿದೆ ಎನ್ನಿ. ಅದೇ ಲೆಕ್ಕದಂತೆ ಅದರೊಂದರಲ್ಲೇ 1.25 ವಾಟ್ ಸೋರುತ್ತದೆ. ಅಂಥ ಐದು ಬೋಲ್ಟುಗಳು ಒಂದು ಚದರ ಮೀಟರ್ ಫಲಕಕ್ಕೆ ಸಮ! ಇಂಥ ದಾರಿಗೆ ಉಷ್ಣಸೇತು ಎಂದು ಹೆಸರು. ಹೊರಕವಚವನ್ನು ಪೆಟ್ಟಿಗೆಗಳ ಹೊರಗೆ ಸುತ್ತುವುದರ ಮರ್ಮ ಇಲ್ಲಿದೆ: ಉಕ್ಕಿನ ಚೌಕಟ್ಟು ಬೆಚ್ಚಗಿನ ಕಡೆಗೇ ಉಳಿಯುತ್ತದೆ, ಚಳಿಯ ಕಡೆಗೆ ಚಾಚುವ ಲೋಹ ಕಡಮೆಯಾಗುತ್ತದೆ.

ಬಿರುಕು ಇನ್ನೂ ಅಪಾಯಕರ. ಉಸಿರು, ಅಡಿಗೆ, ಸ್ನಾನಗಳಿಂದ ತೇವಗೊಂಡ ಗಾಳಿ ಸಂದಿನಲ್ಲಿ ನುಸುಳಿ ಹೊರಟರೆ ದಾರಿಯಲ್ಲಿ ತಣಿದು, ನೀರು ಮಂಜಾಗಿ ಅಲ್ಲಿಯೇ ಕೂಡುತ್ತದೆ. ಇದನ್ನು ತಡೆಯಲು ಆವಿನಿರೋಧಕ ಪದರವನ್ನು ಚಳಿನಾಡಿನಲ್ಲಿ ಒಳಮೈಗೇ ಹಾಕಬೇಕು.

ಹಾಗಾದರೆ ಸಂದುಗಳನ್ನು ಅಲುಗದಂತೆ ಬೆಸೆದುಬಿಡಬಾರದೇ? ಅದೂ ಸಲ್ಲದು. 50 ಮೀಟರ್ ಉದ್ದದ ಉಕ್ಕಿನ ಹೊದಿಕೆ 50 ಡಿಗ್ರಿ ತಣಿದರೆ 3 ಸೆಂಟಿಮೀಟರ್ ಕುಗ್ಗುತ್ತದೆ. ಎಡೆಗೊಡದಿದ್ದರೆ ಹೊದಿಕೆ ಸೀಳಬಹುದು, ಬೋಲ್ಟು ಕಿತ್ತುಬರಬಹುದು. ಆದಕಾರಣ ಸಂದು ಗಾಳಿಗೆ ಮುಚ್ಚಿರಬೇಕು, ಚಲನೆಗೆ ತೆರೆದಿರಬೇಕು. ರಬ್ಬರಿನಂತೆ ಹಿಗ್ಗಿಕುಗ್ಗುವ ಪಟ್ಟಿಗಳು ಈ ವಿರುದ್ಧ ಬೇಡಿಕೆಗಳನ್ನು ಹೊಂದಿಸುತ್ತವೆ.

ಒಟ್ಟಿನಲ್ಲಿ, ಫಲಕವನ್ನು ದಪ್ಪವಾಗಿಸುವುದು ಸುಲಭ; ಕೀಲನ್ನು ಸರಿಯಾಗಿ ಯೋಜಿಸುವುದು ಕಷ್ಟ. ಜೋಡಣೆಯ ಮನೆಯ ಯೋಗ್ಯತೆಯನ್ನು ಅದರ ಸಂದುಗಳಿಂದ ಅಳೆಯಬೇಕು.

ನಮ್ಮ ಪಟ್ಟಣಗಳ ಶೀತಲಗೃಹಗಳಲ್ಲಿಯೂ ಇಂಥ ಫಲಕಗಳನ್ನೇ ಬಳಸುತ್ತಾರೆ. ಅಲ್ಲಿ ಶಾಖ ಹರಿಯುವ ದಿಕ್ಕು ತಿರುಗುಮುರುಗು. ಹಾಗಿರಲು ಆವಿನಿರೋಧಕ ಪದರ ಯಾವ ಮೈಗೆ ಬರಬೇಕು? ವಿದ್ಯಾರ್ಥಿಗಳು ಇದನ್ನು ತಾವೇ ಯೋಚಿಸಿ ಉತ್ತರಿಸಲಿ.